ಪತ್ತನಾಜೆಯೊಳಗೆ ಆಕಾಶ ನೋಡಿ: ಕರಾವಳಿಯ ಹೊಸಬರಿಗೆ

"ಯಾವ ಟೆಲಿಸ್ಕೋಪ್ ತಗೊಳ್ಳಲಿ?" ಆಕಾಶ ನೋಡುವ ಆಸೆ ಹುಟ್ಟಿದವರು ಮೊದಲು ಕೇಳುವುದು ಇದನ್ನೇ. ಮಂಗಳೂರು, ಉಡುಪಿ ಕಡೆಯವರು ಕೇಳಿದರೆ ನಾನು ತಿರುಗಿ ಕೇಳುವ ಪ್ರಶ್ನೆ ಬೇರೆ: ಈಗ ಯಾವ ತಿಂಗಳು? ಜೂನ್ ಆಗಿದ್ದರೆ ದುಡ್ಡು ಸುಮ್ನೆ ಬ್ಯಾಂಕಿನಲ್ಲೇ ಇರಲಿ. ಪೆಟ್ಟಿಗೆ ಮನೆಗೆ ಬಂದರೂ ಅಕ್ಟೋಬರ್ ತನಕ ನೋಡಲು ಸಿಗುವುದು ಮೋಡ ಮಾತ್ರ.

ಆಕಾಶ ನೋಡುವವರ ವರ್ಷ ಯಕ್ಷಗಾನ ಮೇಳಗಳ ತಿರುಗಾಟದ ಹಾಗೆಯೇ. ಮಳೆ ಮುಗಿದು ನವೆಂಬರ್ ಬಂದಾಗ ಶುರು, ಮೇ ಕೊನೆಯ ವಾರದ ಪತ್ತನಾಜೆಗೆ ಗೆಜ್ಜೆ ಬಿಚ್ಚಿದಂತೆ. ಈ ಆರೇಳು ತಿಂಗಳಲ್ಲೂ ಡಿಸೆಂಬರ್, ಜನವರಿ, ಫೆಬ್ರವರಿಯೇ ಒಳ್ಳೆಯ ಕಾಲ. ಮಾರ್ಚ್ ನಂತರ ಸಮುದ್ರದ ಕಡೆಯಿಂದ ತೇವ ಜಾಸ್ತಿಯಾಗಿ ಆಕಾಶ ಮಸುಕಾಗುತ್ತದೆ. ಮೇ ತಿಂಗಳಲ್ಲಿ ಸಂಜೆಯ ಗುಡುಗು ಮೋಡ ಯಾವಾಗ ಬರುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಆಗಸ್ಟ್ ತಿಂಗಳ ಪರ್ಸೀಡ್ ಉಲ್ಕಾವೃಷ್ಟಿಯ ಬಗ್ಗೆ ಪುಟಗಟ್ಟಲೆ ಇರುತ್ತದೆ. ನಮ್ಮಲ್ಲಿ ಆಗ ಆಟಿ ತಿಂಗಳ ಮಳೆ. ನಮಗೆ ಲೆಕ್ಕ ಡಿಸೆಂಬರ್ 13, 14ರ ರಾತ್ರಿ ಬರುವ ಜೆಮಿನಿಡ್ ಉಲ್ಕೆಗಳದ್ದು.

ಕಾಲ ಗೊತ್ತಾಯಿತು. ಇನ್ನು ಆಕಾಶ ಹೇಗೆ ತಿರುಗುತ್ತದೆ ಎಂದು ಅರ್ಥವಾಗಬೇಕು. ಇದು ಅರ್ಥವಾಗದೆ ಟೆಲಿಸ್ಕೋಪ್ ಕೊಂಡವರು ಚಂದ್ರನನ್ನು ನೋಡಿ, ಆಮೇಲೆ ಏನು ನೋಡಬೇಕೆಂದು ತಿಳಿಯದೆ ಅದನ್ನು ಅಟ್ಟಕ್ಕೆ ಏರಿಸುತ್ತಾರೆ.

ಭೂಮಿ ತನ್ನ ಸುತ್ತ ತಿರುಗುವುದರಿಂದ ನಕ್ಷತ್ರಗಳು ಪೂರ್ವದಲ್ಲಿ ಹುಟ್ಟಿ ಪಶ್ಚಿಮಕ್ಕೆ ಸಾಗುತ್ತವೆ, ಗಂಟೆಗೆ 15 ಡಿಗ್ರಿಯಂತೆ. ಇದು ಶಾಲೆಯಲ್ಲೇ ಕಲಿತದ್ದು. ಹೆಚ್ಚಿನವರು ಎಡವುವುದು ಎರಡನೆಯ ಚಲನೆಯಲ್ಲಿ. ಭೂಮಿ ಸೂರ್ಯನನ್ನೂ ಸುತ್ತುತ್ತಿದೆಯಲ್ಲ, ಅದರಿಂದಾಗಿ ಪ್ರತಿ ನಕ್ಷತ್ರವೂ ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತದೆ. ತಿಂಗಳಿಗೆ 2 ಗಂಟೆ. ಇವತ್ತು ರಾತ್ರಿ ಹತ್ತಕ್ಕೆ ಹುಟ್ಟಿದ ನಕ್ಷತ್ರ ಮುಂದಿನ ತಿಂಗಳು ಎಂಟಕ್ಕೇ ಹುಟ್ಟುತ್ತದೆ. ಆರು ತಿಂಗಳಲ್ಲಿ 12 ಗಂಟೆ ವ್ಯತ್ಯಾಸ, ಅಂದರೆ ರಾತ್ರಿ ಇದ್ದದ್ದು ಹಗಲಿಗೆ ಹೋಗುತ್ತದೆ.

ಈ ಲೆಕ್ಕ ನಮ್ಮ ಕೃಷಿಕರ ಬಾಯಲ್ಲಿ ಮೊದಲೇ ಉಂಟು. ಮೃಗಶಿರ ಮಳೆ, ಆರ್ದ್ರಾ ಮಳೆ, ಪುನರ್ವಸು ಮಳೆ, ಪುಷ್ಯ ಮಳೆ ಎನ್ನುತ್ತೇವಲ್ಲ, ಅದರ ಅರ್ಥ ಇಷ್ಟೇ: ಆ ಹದಿಮೂರು, ಹದಿನಾಲ್ಕು ದಿನ ಸೂರ್ಯ ಆ ನಕ್ಷತ್ರ ಇರುವ ದಿಕ್ಕಿನಲ್ಲಿ ಇದ್ದಾನೆ. ಜೂನ್ 22ರ ಸುಮಾರಿಗೆ ಆರ್ದ್ರಾ ಮಳೆ ಶುರುವಾಗುತ್ತದೆ. ಆಗ ಆರ್ದ್ರಾ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ, ಸೂರ್ಯನ ಜೊತೆಗೇ ಮುಳುಗುತ್ತದೆ. ಮೋಡ ಇಲ್ಲದಿದ್ದರೂ ಅದು ಕಾಣುವುದಿಲ್ಲ. ಹಾಗಾದರೆ ಕಾಣುವುದು ಯಾವಾಗ? ಆರು ತಿಂಗಳು ಕೂಡಿಸಿ. ಡಿಸೆಂಬರ್ 22ರ ಸುಮಾರಿಗೆ ಸೂರ್ಯ ಆಚೆ ಬದಿಯಲ್ಲಿರುತ್ತಾನೆ, ಆರ್ದ್ರಾ ಸಂಜೆ ಹುಟ್ಟಿ ಬೆಳಗಿನ ತನಕ ಆಕಾಶದಲ್ಲಿರುತ್ತದೆ.

ಜೂನ್, ಜುಲೈಯಲ್ಲಿ ಯಾವ ಯಾವ ನಕ್ಷತ್ರದ ಮಳೆಯಲ್ಲಿ ನೆನೆದೆವೋ, ಡಿಸೆಂಬರ್, ಜನವರಿಯ ರಾತ್ರಿ ಅವೇ ನಕ್ಷತ್ರಗಳು ನಮ್ಮ ಮೇಲಿರುತ್ತವೆ. ಅಕ್ಟೋಬರಿನ ಚಿತ್ತಾ, ಸ್ವಾತಿ ಮಳೆಗಳಿಗೆ ಏಪ್ರಿಲ್ ರಾತ್ರಿ. ಈ ಒಂದು ಸೂತ್ರ ತಲೆಯಲ್ಲಿದ್ದರೆ ಯಾವ ತಿಂಗಳು ಏನು ಕಾಣುತ್ತದೆ ಎಂದು ಆ್ಯಪ್ ತೆರೆಯದೆ ಹೇಳಬಹುದು. ಮನೆಯ ಅಜ್ಜನಿಗೆ ಮಳೆ ನಕ್ಷತ್ರಗಳ ಸಾಲು ಬಾಯಿಪಾಠ ಇದ್ದರೆ ಅರ್ಧ ನಕ್ಷೆ ಸಿಕ್ಕಿದ ಹಾಗೆಯೇ.

ಹುಣ್ಣಿಮೆಗೂ ಇದೇ ಲೆಕ್ಕ. ಹುಣ್ಣಿಮೆಯ ಚಂದ್ರ ಸೂರ್ಯನ ಎದುರು ಬದಿಯಲ್ಲಿರುತ್ತಾನೆ. ಕಾರ್ತಿಕ ಹುಣ್ಣಿಮೆಯಂದು ಅವನು ಕೃತ್ತಿಕೆಯ ಹತ್ತಿರ, ಮಾರ್ಗಶಿರದಲ್ಲಿ ಮೃಗಶಿರದ ಹತ್ತಿರ, ಮಾಘದಲ್ಲಿ ಮಖೆಯ ಹತ್ತಿರ, ಚೈತ್ರದಲ್ಲಿ ಚಿತ್ತೆಯ ಹತ್ತಿರ. ತಿಂಗಳ ಹೆಸರುಗಳು ಬಂದದ್ದೇ ಅಲ್ಲಿಂದ. ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತಿನ ನಕ್ಷತ್ರ ಎಂದು ಬರೆದಿರುತ್ತದಲ್ಲ, ಚಂದ್ರ ಇವತ್ತು ಆ ನಕ್ಷತ್ರದ ಆಸುಪಾಸಿನಲ್ಲಿದ್ದಾನೆ ಎಂದು ಓದಿಕೊಳ್ಳಿ. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ ಪೂರ್ವಕ್ಕೆ ಸರಿಯುತ್ತಾನೆ, ಹಾಗಾಗಿ ನಾಳೆ ಮುಂದಿನ ನಕ್ಷತ್ರ. (ನೀವು ಆಕಾಶ ನೋಡುತ್ತೀರಿ ಎಂದು ನೆರೆಮನೆಗೆ ಗೊತ್ತಾದರೆ ಜಾತಕ ಹಿಡಿದು ಬರುವವರು ಉಂಟು. ಅದಕ್ಕೆ ಸಿದ್ಧರಾಗಿರಿ.)

ಡಿಗ್ರಿ ಅಳೆಯಲು ಉಪಕರಣ ಬೇಡ. ಕೈ ನೇರ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಕಿರುಬೆರಳು 1 ಡಿಗ್ರಿ. ಹುಣ್ಣಿಮೆ ಚಂದ್ರ ಎಷ್ಟು ದೊಡ್ಡದಾಗಿ ಕಂಡರೂ ಅರ್ಧ ಡಿಗ್ರಿ ಮಾತ್ರ. ಚಾಚಿದ ಕೈಯ ಕಿರುಬೆರಳಿನಿಂದ ಅವನನ್ನು ಪೂರ್ತಿ ಮುಚ್ಚಬಹುದು, ಪರೀಕ್ಷೆ ಮಾಡಿ ನೋಡಿ.

13 ಡಿಗ್ರಿಯ ಲಾಭ

ಮಂಗಳೂರು, ಉಡುಪಿ ಎರಡೂ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿವೆ. ಊರಿನ ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರದ ಎತ್ತರವೂ ಅಷ್ಟೇ. ಹಾಗಾಗಿ ನಮಗೆ ಧ್ರುವ ಉತ್ತರ ದಿಗಂತದಿಂದ ಒಂದು ಮುಷ್ಟಿಗಿಂತ ಚೂರು ಮೇಲೆ, ಅಂದರೆ ಸರಿಯಾಗಿ ತೆಂಗಿನ ಮರಗಳ ಹಿಂದೆ. ಅದು ತುಂಬಾ ಪ್ರಕಾಶದ ನಕ್ಷತ್ರವೂ ಅಲ್ಲ. "ಮೊದಲು ಧ್ರುವ ನಕ್ಷತ್ರ ಹುಡುಕಿ" ಎಂಬ ಸಲಹೆ ಯುರೋಪಿನವರಿಗೆ ಸರಿ. ಇಲ್ಲಿ ಅದನ್ನು ನಂಬಿ ಹೊರಟರೆ ಮೊದಲ ದಿನವೇ ಬೇಜಾರು. ಸಪ್ತರ್ಷಿ ಮಂಡಲ ಕೂಡ ನಮ್ಮಲ್ಲಿ ಮುಳುಗಿ ಹುಟ್ಟುತ್ತದೆ. ನವೆಂಬರ್ ಸಂಜೆ ಹುಡುಕಿದರೆ ಸಿಗುವುದಿಲ್ಲ, ಏಪ್ರಿಲ್ ಸಂಜೆ ಉತ್ತರದಲ್ಲಿ ಚೆನ್ನಾಗಿ ಮೇಲೆ ಬಂದಿರುತ್ತದೆ.

ಉತ್ತರದಲ್ಲಿ ಕಳೆದುಕೊಂಡದ್ದಕ್ಕಿಂತ ದಕ್ಷಿಣದಲ್ಲಿ ಸಿಗುವುದೇ ಹೆಚ್ಚು. ಫೆಬ್ರವರಿ ನಡುವೆ ರಾತ್ರಿ ಒಂಬತ್ತರ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ಎತ್ತರದಲ್ಲಿ ಹೊಳೆಯುವುದು ಲುಬ್ಧಕ, ಇಡೀ ರಾತ್ರಿಯಾಕಾಶದ ಅತಿ ಪ್ರಕಾಶದ ನಕ್ಷತ್ರ. ನಮ್ಮಿಂದ 8.6 ಜ್ಯೋತಿರ್ವರ್ಷ ದೂರ. ಅಲ್ಲಿಂದ ಮೂರೂವರೆ ಮುಷ್ಟಿ ಕೆಳಗೆ ಇನ್ನೊಂದು ಪ್ರಖರ ಚುಕ್ಕಿ. ಅದು ಅಗಸ್ತ್ಯ, ಪ್ರಕಾಶದಲ್ಲಿ ಎರಡನೆಯದು. ಲಂಡನ್ನಿನಲ್ಲಿ ಕೂತವರಿಗೆ ಅಗಸ್ತ್ಯ ವರ್ಷದ ಯಾವ ದಿನವೂ ಕಾಣುವುದಿಲ್ಲ. ಏಪ್ರಿಲ್ ನಡುವೆ ರಾತ್ರಿ ಹನ್ನೊಂದೂವರೆಗೆ ಅದೇ ದಿಕ್ಕಿನಲ್ಲಿ ಶಿಲುಬೆಯ ಆಕಾರದ ನಕ್ಷತ್ರಪುಂಜ ತ್ರಿಶಂಕು ನೆಟ್ಟಗೆ ನಿಂತಿರುತ್ತದೆ, ದಿಗಂತದಿಂದ ಒಂದೂವರೆ, ಎರಡು ಮುಷ್ಟಿ ಮೇಲೆ. ಅದರ ಎಡಕ್ಕೆ ಎರಡು ಪ್ರಕಾಶದ ನಕ್ಷತ್ರ. ಅವುಗಳಲ್ಲಿ ಹೆಚ್ಚು ಹೊಳೆಯುವುದು ಆಲ್ಫಾ ಸೆಂಟಾರಿ, ಸೂರ್ಯನನ್ನು ಬಿಟ್ಟರೆ ಬರಿಗಣ್ಣಿಗೆ ಕಾಣುವ ನಕ್ಷತ್ರಗಳಲ್ಲೇ ನಮಗೆ ಅತಿ ಹತ್ತಿರದ್ದು, 4.4 ಜ್ಯೋತಿರ್ವರ್ಷ.

ಅಂದ ಹಾಗೆ, ಚೆನ್ನೈ ಕೂಡ ಸುಮಾರು ಇದೇ ಅಕ್ಷಾಂಶದಲ್ಲಿದೆ. ಅವರು ನೋಡುವ ಆಕಾಶ ಇಪ್ಪತ್ತು ಚಿಲ್ಲರೆ ನಿಮಿಷ ಕಳೆದು ನಮಗೆ ಬರುತ್ತದೆ.

ಹಗಲಲ್ಲಿ ಮಾಡಬಹುದಾದ ಒಂದು ಪ್ರಯೋಗವೂ ಈ 13 ಡಿಗ್ರಿಯಿಂದಲೇ ಸಿಗುತ್ತದೆ. ಏಪ್ರಿಲ್ 24, 25ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಪೈಪಿನ ತುಂಡಿಗೆ ನೆರಳೇ ಇರುವುದಿಲ್ಲ. ಇದು ಶೂನ್ಯ ನೆರಳಿನ ದಿನ. ಸಮಯ ಹನ್ನೆರಡು ಅಲ್ಲ, ಸುಮಾರು 12:28. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ, 75ರ ಹತ್ತಿರ. ಆ ದಿನದ ನಂತರ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗಸ್ಟಿನಲ್ಲಿ ಇನ್ನೊಂದು ಶೂನ್ಯ ನೆರಳಿನ ದಿನವೂ ಉಂಟು, ಬಿಸಿಲಿದ್ದರೆ.

ಎಲ್ಲಿ ನಿಂತು ನೋಡುವುದು?

ನಮ್ಮ ಕಡೆ ಟೆರೇಸ್ ಇದ್ದರೂ ಮಳೆಗೆಂದು ಶೀಟ್ ಹಾಕಿಸಿರುತ್ತಾರೆ. ಅಂಗಳದಲ್ಲಿ ತೆಂಗು, ಅಡಿಕೆ, ಮಾವು. ತೆರೆದ ಜಾಗ ಎಂದರೆ ಕೊಯ್ಲು ಮುಗಿದ ಗದ್ದೆ. ನವೆಂಬರ್, ಡಿಸೆಂಬರಿನಲ್ಲಿ ನೆಲ ಒಣಗಿರುತ್ತದೆ, ಸುತ್ತ ತಡೆ ಇರುವುದಿಲ್ಲ. ಹಾವಿನ ಭಯಕ್ಕೆ ನಡೆಯುವಾಗ ಟಾರ್ಚ್ ಬೇಕು, ಗಮ್ ಬೂಟು ಇದ್ದರೆ ಇನ್ನೂ ಒಳ್ಳೆಯದು.

ಸಮುದ್ರ ತೀರ ಒಳ್ಳೆಯದಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಅರ್ಧ ಒಳ್ಳೆಯದು. ಮಲ್ಪೆ, ಕಾಪು, ಸೋಮೇಶ್ವರದಂಥ ಕಡೆ ಪಶ್ಚಿಮ ದಿಗಂತ ಪೂರ್ತಿ ತೆರೆದಿರುತ್ತದೆ. ಸೂರ್ಯ ಮುಳುಗಿದ ಮೇಲೆ ಬಿದಿಗೆಯ ಚಂದ್ರ, ಶುಕ್ರ, ಅಪರೂಪಕ್ಕೆ ಕಾಣುವ ಬುಧ, ಇವನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಬೀಚಿನ ಹೈಮಾಸ್ಟ್ ದೀಪ, ದೂರದ ಬೋಟುಗಳ ಬೆಳಕು, ನೀರಿನ ಮೇಲಿನ ಮಂಜು ಸೇರಿ ಮಂಕಾದ ನಕ್ಷತ್ರಗಳನ್ನು ನುಂಗುತ್ತವೆ. ಉಪ್ಪು ಗಾಳಿ ಲೆನ್ಸಿಗೂ ಆಗದು. ಬರಿಗಣ್ಣಿಗೆ ಬೀಚ್, ಉಪಕರಣಕ್ಕೆ ಒಳನಾಡು ಎಂದು ಹಂಚಿಕೊಳ್ಳಿ. ಘಟ್ಟದ ಬುಡದ ಊರುಗಳಲ್ಲಿ ನೆಂಟರ ಮನೆ ಇದ್ದರೆ ಅಮಾವಾಸ್ಯೆಯ ಹತ್ತಿರದ ಶನಿವಾರ ಅಲ್ಲಿಗೆ ಹೋಗಿ. ಹೊರಗಿನ ಲೈಟು ಆರಿಸಲು ಮನೆಯವರನ್ನು ಒಪ್ಪಿಸುವುದೇ ದೊಡ್ಡ ಕೆಲಸ.

ನಿಮ್ಮ ಆಕಾಶ ಎಷ್ಟು ಕತ್ತಲು ಎಂದು ತಿಳಿಯಲು ಕೃತ್ತಿಕೆ ಎಂಬ ನಕ್ಷತ್ರಗಳ ಗುಂಪಿನಲ್ಲಿ ಎಷ್ಟು ಚುಕ್ಕಿ ಕಾಣುತ್ತದೆ ಎಂದು ಎಣಿಸಿ. ಹಂಪನಕಟ್ಟೆಯಂಥ ಕಡೆ ನಿಂತರೆ ಅದು ಬರೀ ಮಸುಕು ಕಲೆ, ಅದೂ ಕಂಡರೆ. ಹಳ್ಳಿಯ ಗದ್ದೆಯಲ್ಲಿ ಆರು ಚುಕ್ಕಿ ಬಿಡಿಬಿಡಿಯಾಗಿ ಕಾಣಬೇಕು. ಏಳು, ಎಂಟು ಎಣಿಸಿದರೆ ಜಾಗವೂ ಒಳ್ಳೆಯದು, ಕಣ್ಣೂ ಒಳ್ಳೆಯದು.

ಕಣ್ಣಿಗೆ ಪುರುಸೊತ್ತು ಕೊಡಬೇಕು. ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ ಶುರು. ಕೆಂಪು ಬೆಳಕು ಮಾತ್ರ ಅಷ್ಟು ಕೆಡಿಸುವುದಿಲ್ಲ, ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಳ್ಳಿ. ಮಂಕಾದ ವಸ್ತುವನ್ನು ನೇರ ನೋಡದೆ ಸ್ವಲ್ಪ ಬದಿಗೆ ನೋಡಿದರೆ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಮಂದ ಬೆಳಕು ಗುರುತಿಸುವ ಕೋಶಗಳು ಅಕ್ಷಿಪಟಲದ ನಟ್ಟನಡುವೆ ಇಲ್ಲ, ಸುತ್ತಮುತ್ತ ಇವೆ.

ಮೊದಲ ಪಾಠಕ್ಕೆ ಬೇಟೆಗಾರನ ಆಕಾರದ ನಕ್ಷತ್ರಪುಂಜ ಮಹಾವ್ಯಾಧನೇ (ಓರಿಯನ್) ಸರಿ. ಜನವರಿ ಕೊನೆಗೆ ರಾತ್ರಿ ಒಂಬತ್ತೂವರೆಗೆ ನೆತ್ತಿಯ ಹತ್ತಿರ ಬಂದಿರುತ್ತಾನೆ. ಸೊಂಟದ ಪಟ್ಟಿಯ ಮೂರು ನಕ್ಷತ್ರ ಒಂದೇ ಸಾಲಿನಲ್ಲಿರುವುದರಿಂದ ತಪ್ಪುವ ಪ್ರಶ್ನೆಯೇ ಇಲ್ಲ. ಆ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ಲುಬ್ಧಕ. ವಾಯವ್ಯಕ್ಕೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಮುಂದೆ ಕೃತ್ತಿಕೆ. ವ್ಯಾಧನ ಹೆಗಲ ಮೇಲಿನ ಕೆಂಪು ಚುಕ್ಕಿಯೇ ಆರ್ದ್ರಾ. 2019ರ ಕೊನೆಯಿಂದ 2020ರ ಫೆಬ್ರವರಿ ತನಕ ಅದು ಬರಿಗಣ್ಣಿಗೇ ಗೊತ್ತಾಗುವಷ್ಟು ಮಂಕಾಯಿತು. ಸಿಡಿಯುತ್ತದೆಯೇನೋ ಎಂದು ಜಗತ್ತೇ ನೋಡುತ್ತಿತ್ತು. ಅದು ಹೊರಗೆ ಉಗುಳಿದ ದ್ರವ್ಯ ಧೂಳಾಗಿ ಬೆಳಕಿಗೆ ಅಡ್ಡ ಬಂದಿತ್ತು ಎಂದು ಆಮೇಲೆ ಗೊತ್ತಾಯಿತು. ಪಕ್ಕದ ನಕ್ಷತ್ರಗಳ ಜೊತೆ ಹೋಲಿಸಿ ಆರ್ದ್ರಾ ಇವತ್ತು ಎಷ್ಟು ಪ್ರಕಾಶ ಇದೆ ಎಂದು ಬರೆದಿಡುವುದು ಈಗಲೂ ಹವ್ಯಾಸಿಗಳು ಮಾಡುವ ನಿಜವಾದ ಕೆಲಸ. ಅದಕ್ಕೆ ಒಂದು ನೋಟ್‌ಬುಕ್ ಸಾಕು.

ಗ್ರಹ ಗುರುತಿಸುವುದು ಸುಲಭ. ನಕ್ಷತ್ರ ಮಿನುಗುತ್ತದೆ, ಗ್ರಹದ ಬೆಳಕು ಹೆಚ್ಚುಕಡಿಮೆ ಸ್ಥಿರ. ನಕ್ಷೆಯಲ್ಲಿ ಇಲ್ಲದ ಪ್ರಕಾಶದ ಚುಕ್ಕಿ ರಾಶಿಗಳ ಸಾಲಿನಲ್ಲಿ ಕಂಡರೆ ಅದು ಗ್ರಹವೇ. 2027ರ ಫೆಬ್ರವರಿಯಲ್ಲಿ ಗುರು, ಮಂಗಳ ಎರಡೂ ಸಿಂಹ ರಾಶಿಯ ಆಸುಪಾಸಿನಲ್ಲಿ ಸಂಜೆಯಿಂದ ಬೆಳಗಿನ ತನಕ ಇರುತ್ತವೆ. ಹೊಸಬರಿಗೆ ಒಳ್ಳೆಯ ಕಾಲ ಅದು. ಮೊಬೈಲಿನ ಸ್ಟೆಲ್ಲೇರಿಯಂ ಆ್ಯಪ್ ಅಂದಿನ ಆಕಾಶ ತೋರಿಸುತ್ತದೆ, ಆದರೆ ಮೊದಲು ಊಹಿಸಿ, ಆಮೇಲೆ ಅದರಲ್ಲಿ ನೋಡಿ. ಇಲ್ಲದಿದ್ದರೆ ಕಲಿಯುವುದು ನೀವಲ್ಲ, ಮೊಬೈಲು.

ದುಡ್ಡಿನ ವಿಷಯ

ಮೊದಲು ಬೈನಾಕ್ಯುಲರ್. 7x50 ಅಥವಾ 10x50 ಎಂದು ಬರೆದಿರುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು, ಎರಡನೆಯದು ಎದುರಿನ ಲೆನ್ಸಿನ ವ್ಯಾಸ ಮಿಲಿಮೀಟರಿನಲ್ಲಿ. ಆಕಾಶಕ್ಕೆ ಎರಡನೆಯ ಅಂಕಿಯೇ ಮುಖ್ಯ, ಬೆಳಕು ಕೂಡಿಸುವುದು ಅದು. ಹಕ್ಕಿ ನೋಡುವವರ 8x42 ಮನೆಯಲ್ಲಿದ್ದರೆ ಹೊಸತು ಬೇಡ. ಹಳೆಯ ಆರಾಮ ಕುರ್ಚಿಯಲ್ಲಿ ಒರಗಿ, ಮೊಣಕೈಗಳನ್ನು ಅದರ ಕೈಗಳ ಮೇಲೆ ಊರಿ ನೋಡಿ. ಗುರುವಿನ ಪಕ್ಕ ಸಾಲಾಗಿ ಚುಕ್ಕಿಗಳು ಕಾಣುತ್ತವೆ, ಗೆಲಿಲಿಯೋ 1610ರ ಜನವರಿಯಲ್ಲಿ ನೋಡಿದ ಅದೇ ಉಪಗ್ರಹಗಳು. ಕೃತ್ತಿಕೆಯಲ್ಲಿ ಆರರ ಜಾಗದಲ್ಲಿ ಹತ್ತಾರು. ನವೆಂಬರ್ ರಾತ್ರಿ ಉತ್ತರಕ್ಕೆ ಎತ್ತರದಲ್ಲಿ ಆಂಡ್ರೊಮಿಡಾ ಗೆಲಾಕ್ಸಿ, ಸಣ್ಣ ಉದ್ದನೆಯ ಮಸುಕು. ಅಲ್ಲಿಂದ ಬೆಳಕು ಹೊರಟು 25 ಲಕ್ಷ ವರ್ಷ ಆಗಿದೆ. ಏಪ್ರಿಲ್ ನಡುರಾತ್ರಿ ತ್ರಿಶಂಕುವಿನ ಮೇಲೆ ಎಡಕ್ಕೆ ಒಮೆಗಾ ಸೆಂಟಾರಿ, ಲಕ್ಷಾಂತರ ನಕ್ಷತ್ರಗಳ ಗುಂಪು.

ಚಂದ್ರನನ್ನು ಹುಣ್ಣಿಮೆಯಂದು ನೋಡಬೇಡಿ. ಬೆಳಕು ನೇರ ಬೀಳುವುದರಿಂದ ನೆರಳಿರುವುದಿಲ್ಲ, ಕುಳಿಗಳು ಚಪ್ಪಟೆಯಾಗಿ ಕಾಣುತ್ತವೆ. ಶುಕ್ಲ ಸಪ್ತಮಿ, ಅಷ್ಟಮಿಯ ಸಂಜೆ ನೋಡಿ. ಬೆಳಕು ಕತ್ತಲು ಸೇರುವ ಅಂಚಿನಲ್ಲಿ ಪ್ರತಿ ಕುಳಿಯ ಗೋಡೆಗೂ ಉದ್ದನೆಯ ನೆರಳು.

ಟೆಲಿಸ್ಕೋಪ್ ಕೊಳ್ಳುವುದಾದರೆ ಡಬ್ಬದ ಮೇಲೆ ದೊಡ್ಡದಾಗಿ "675 ಪಟ್ಟು" ಎಂದು ಬರೆದದ್ದನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ. ಎಷ್ಟು ಪಟ್ಟು ಎನ್ನುವುದು ಟೆಲಿಸ್ಕೋಪಿನ ಗುಣವೇ ಅಲ್ಲ. ಅದರ ನಾಭಿದೂರವನ್ನು ಐಪೀಸಿನ (ಕಣ್ಣಿಟ್ಟು ನೋಡುವ ತುದಿಯ ಲೆನ್ಸಿನ) ನಾಭಿದೂರದಿಂದ ಭಾಗಿಸಿದರೆ ಬರುವ ಲೆಕ್ಕ ಅಷ್ಟೇ. 1200 ಮಿಮೀ ಟೆಲಿಸ್ಕೋಪಿಗೆ 25 ಮಿಮೀ ಐಪೀಸ್ ಹಾಕಿದರೆ 48 ಪಟ್ಟು, 10 ಮಿಮೀ ಹಾಕಿದರೆ 120 ಪಟ್ಟು. ಹಿಗ್ಗಿಸಲು ಮಿತಿ ಇದೆ: ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡು ಪಟ್ಟು. 60 ಮಿಮೀ ಲೆನ್ಸಿಗೆ 120ಕ್ಕಿಂತ ಮೇಲೆ ಹೋದರೆ ದೊಡ್ಡದಾದ ಮಸುಕು ಮಾತ್ರ. ಹಾಗಾಗಿ ಕೇಳಬೇಕಾದ್ದು ವ್ಯಾಸ. ಎರಡನೆಯದು ನಿಲ್ಲಿಸುವ ಸ್ಟ್ಯಾಂಡ್. ಗಾಳಿ ಬಂದರೆ ನಡುಗುವ ತೆಳ್ಳಗಿನ ಮೂರು ಕಾಲಿನ ಮೇಲೆ ಎಷ್ಟು ಒಳ್ಳೆಯ ಲೆನ್ಸ್ ಇಟ್ಟರೂ ದಂಡ.

150 ಮಿಮೀ ಕನ್ನಡಿಯ, ನೆಲದ ಮೇಲೆ ಕೂರುವ ಡಾಬ್ಸೋನಿಯನ್ ಮಾದರಿ ಹೊಸಬರಿಗೆ ಸರಿ ಎಂಬುದು ನನ್ನ ಅಭಿಪ್ರಾಯ. ಕತ್ತಲಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆಗಿಂತ ಸುಮಾರು 450 ಪಟ್ಟು ಬೆಳಕು ಕೂಡಿಸುತ್ತದೆ. ಶನಿಯ ಉಂಗುರ ಸ್ಪಷ್ಟ. 2025ರಲ್ಲಿ ಆ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸಿ ಬರೀ ಗೆರೆಯಾಗಿತ್ತು. ಈಗ ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತಾ 2032ರ ಸುಮಾರಿಗೆ ಪೂರ್ತಿ ಅಗಲವಾಗುತ್ತದೆ. ಬಣ್ಣದ ನೀಹಾರಿಕೆ ಮಾತ್ರ ನಿರೀಕ್ಷಿಸಬೇಡಿ. ಫೋಟೊಗಳಲ್ಲಿರುವ ಕೆಂಪು, ನೀಲಿ ಕ್ಯಾಮೆರಾ ಬಹಳ ಹೊತ್ತು ಬೆಳಕು ಕೂಡಿಸಿದ್ದು. ಕಣ್ಣಿಗೆ ಮಹಾವ್ಯಾಧನ ನೀಹಾರಿಕೆ ಬೂದು ಹೊಗೆಯಂತೆಯೇ.

ಕೊಳ್ಳುವ ಮೊದಲು ಬೇರೆಯವರ ಟೆಲಿಸ್ಕೋಪಿನಲ್ಲಿ ಒಮ್ಮೆ ನೋಡಿ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಇದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ ಇದೆ. ಗುಮ್ಮಟದ ಕೆಳಗೆ ಕೂತು ಆಕಾಶದ ಚಲನೆಯನ್ನು ವೇಗವಾಗಿ ನೋಡಿದರೆ ನಾಲ್ಕು ನಿಮಿಷದ ಲೆಕ್ಕ ಇನ್ನೂ ಚೆನ್ನಾಗಿ ತಲೆಗೆ ಹೋಗುತ್ತದೆ.

ಸೂರ್ಯನ ಕಡೆಗೆ ಮಾತ್ರ ಬೈನಾಕ್ಯುಲರ್, ಟೆಲಿಸ್ಕೋಪ್ ತಿರುಗಿಸಲೇಬೇಡಿ. ಕಣ್ಣು ಕ್ಷಣದಲ್ಲಿ ಹೋಗುತ್ತದೆ, ನೋವೂ ಗೊತ್ತಾಗುವುದಿಲ್ಲ. 2019ರ ಡಿಸೆಂಬರ್ 26ರ ಬೆಳಗ್ಗೆ ಮಂಗಳೂರಿನಲ್ಲಿ ಕಂಕಣ ಗ್ರಹಣ ಕಂಡಾಗ ಕೊಂಡ ಗ್ರಹಣದ ಕನ್ನಡಕ ಇನ್ನೂ ಕಪಾಟಿನಲ್ಲಿದ್ದರೆ, ಗೀರು, ತೂತು ಇದ್ದದ್ದನ್ನು ಎಸೆದುಬಿಡಿ. ಆ ಕನ್ನಡಕ ಹಾಕಿಕೊಂಡು ಬೈನಾಕ್ಯುಲರಿನಲ್ಲಿ ಇಣುಕುವುದೂ ಅಷ್ಟೇ ಅಪಾಯ, ಒಟ್ಟುಗೂಡಿದ ಬಿಸಿ ಫಿಲ್ಮನ್ನೇ ಸುಡುತ್ತದೆ. 2027ರ ಆಗಸ್ಟ್ 2ರ ಸಂಜೆ ನಮಗೆ ಪಾರ್ಶ್ವ ಸೂರ್ಯಗ್ರಹಣ ಇದೆ. ಮಳೆಗಾಲದ ನಡುವೆ, ಮೋಡ ಬಿಡಬೇಕು.

ಕೊಂಡ ಮೇಲೆ ನಮ್ಮ ಕಡೆಯ ದೊಡ್ಡ ಶತ್ರು ಬೂಸ್ಟು. ಚರ್ಮದ ಚಪ್ಪಲಿಗೆ ಹಿಡಿಯುವ ಅದೇ ಬೂಸ್ಟು ಲೆನ್ಸಿನ ಮೇಲೂ ಜೇಡರ ಬಲೆಯ ಹಾಗೆ ಹಬ್ಬುತ್ತದೆ, ಒಮ್ಮೆ ಗಾಜಿನ ಲೇಪನವನ್ನು ತಿಂದರೆ ಒರೆಸಿದರೂ ಹೋಗುವುದಿಲ್ಲ. ಇಬ್ಬನಿ ಬಿದ್ದ ರಾತ್ರಿ ಒದ್ದೆ ಇರುವಾಗಲೇ ಮುಚ್ಚಳ ಹಾಕಬೇಡಿ, ಮನೆಯೊಳಗೆ ಫ್ಯಾನಿನ ಕೆಳಗೆ ಒಣಗಲು ಬಿಡಿ. ಮಳೆಗಾಲದಲ್ಲಿ ಐಪೀಸ್, ಬೈನಾಕ್ಯುಲರುಗಳನ್ನು ಗಾಳಿ ಹೋಗದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಬಣ್ಣ ಬದಲಾದ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಆ ಬಾಣಲೆ ಅಡುಗೆಯದ್ದಾಗಿರಬಾರದು. ಟೆಲಿಸ್ಕೋಪಿನ ಕೊಳವೆಯನ್ನು ವಾರಕ್ಕೊಮ್ಮೆ ಹೊರತೆಗೆದು ನೆರಳಿನಲ್ಲಿ ಗಾಳಿಗೆ ಇಡಿ. ಬಿಸಿಲಿಗೆ ಬಾಯಿ ತೆರೆದು ಇಟ್ಟರೆ ಅದು ಮನೆಯ ಪರದೆಗೆ ಬೆಂಕಿ ಹಚ್ಚಬಲ್ಲದು.